ಪಾಯ ತೋಡುವ ಮುನ್ನ



ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ದಾರಿಯಲ್ಲಿ ಕಮಲಾಪುರವಿದೆ. ಕೆಂಪು ಬಾಳೆಗೆ ಹೆಸರಾದ ಊರು. ಆ ಬಾಳೆಯ ಗೊನೆ ಕೈಸೇರಲು ವರ್ಷಕ್ಕಿಂತ ಹೆಚ್ಚು ಕಾಲ ಬೇಕು. ಆದ್ದರಿಂದ ರೈತನು ಕಂದು ನೆಡುವ ಮೊದಲೇ ಮಣ್ಣು ನೋಡುತ್ತಾನೆ, ಬೇಸಿಗೆಗೆ ನೀರು ಉಳಿದೀತೇ ಎಂದು ಲೆಕ್ಕ ಹಾಕುತ್ತಾನೆ.

ಬಾಳೆಗೆ ಇಷ್ಟು ಯೋಚಿಸುವ ನಾವು ಮನೆಗೆ ಎಷ್ಟು ಯೋಚಿಸುತ್ತೇವೆ? ಮನೆ ಆಶೀರ್ವದಿಸಲು ಹೋದಾಗ ಕಂಡಿದ್ದೇನೆ: ಅಡುಗೆಮನೆಗೆ ಕಿಟಕಿಯಿಲ್ಲ, ಮೊಣಕಾಲು ನೋವಿನ ಅಜ್ಜಿಗೆ ಮಹಡಿಯ ಮೇಲೆ ಕೋಣೆ. ಕಾಗದದ ಮೇಲಿನ ಗೋಡೆಯನ್ನು ರಬ್ಬರಿನಿಂದ ಅಳಿಸಬಹುದು. ಕಟ್ಟಿದ ಗೋಡೆಯನ್ನು ಒಡೆಯಲು ಮತ್ತೆ ಸಾಲ ಬೇಕು. ಹಣ ಮುಗಿದಾಗ ಮೊದಲು ನಿಲ್ಲುವುದು ಗೌಂಡಿ, ಕೂಲಿಯವರ ಪಗಾರ. ಯೋಚಿಸದೆ ಕಟ್ಟಿದ ಮನೆ ಹೀಗೆ ಅನ್ಯಾಯಕ್ಕೂ ದಾರಿಯಾಗುತ್ತದೆ.

"ಫಾದರ್, ನಾಳೆಯ ಚಿಂತೆ ಬೇಡ ಎಂದು ಯೇಸುಸ್ವಾಮಿಯೇ ಹೇಳಿಲ್ಲವೇ?" ಎಂದು ಕೆಲವರು ಕೇಳುತ್ತಾರೆ. ಹೇಳಿದ್ದು ನಿಜ. ಆದರೆ ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂಬ ಸಾಮತಿಯೂ ಅವರದೇ. ಚಿಂತೆ ಬೇರೆ, ಚಿಂತನೆ ಬೇರೆ. ನಮ್ಮ ಕೈಯಲ್ಲಿ ಇಲ್ಲದ್ದಕ್ಕೆ ಕೊರಗುವುದು ಚಿಂತೆ. ಕೈಯಲ್ಲಿ ಇರುವುದನ್ನು ಸರಿಯಾಗಿ ಮಾಡುವುದು ಚಿಂತನೆ. ಮುಂದಾಲೋಚನೆಯು ವಿವೇಕವೆಂಬ ಸದ್ಗುಣದ ಮುಖ್ಯ ಭಾಗವೆಂದು ಸಂತ ತೋಮಸ್ ಅಕ್ವಿನಾಸರು ಕಲಿಸಿದರು. ದೇವರು ಕೊಟ್ಟ ಬುದ್ಧಿಯನ್ನು ಬದಿಗಿಟ್ಟು "ಕಾಪಾಡು" ಎನ್ನುವುದು ವಿಶ್ವಾಸವಲ್ಲ, ದೇವರನ್ನು ಪರೀಕ್ಷಿಸುವುದು.

ನಮ್ಮ ಗಡಿಯಾಚೆ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಮಿ ನಡುಗಿತು. ಸಾವಿರಾರು ಜನ ಮಲಗಿದಲ್ಲೇ ಸತ್ತರು. ಮಣ್ಣಿನ ಗಾರೆಯಲ್ಲಿ ಪೇರಿಸಿದ ಕಲ್ಲುಗೋಡೆಗಳು, ಭಾರದ ಮಣ್ಣಿನ ಮಾಳಿಗೆಗಳು ಅವರ ಮೇಲೆಯೇ ಕುಸಿದವು. ಆ ಬಡವರನ್ನು ದೂರಲು ಇದನ್ನು ಹೇಳುತ್ತಿಲ್ಲ. ಅಂಥದ್ದು ಬಂದೀತೆಂದು ಅವರು ಎಣಿಸಿರಲಿಲ್ಲ. ನಮಗೆ ಈಗ ತಿಳಿದಿದೆ. ತಿಳಿದೂ ಅಲಕ್ಷ್ಯ ಮಾಡಿದರೆ ಹೊಣೆ ನಮ್ಮದೇ. ನಮ್ಮ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ ಎಂಬುದೂ ನಮಗೆ ತಿಳಿದದ್ದೇ.

ಆದ್ದರಿಂದ, ಪಾಯ ತೋಡುವ ಮುನ್ನ ಒಂದು ಸಂಜೆ ಮನೆಯವರೆಲ್ಲ ಕೂಡಿ ಕುಳಿತುಕೊಳ್ಳಿ. ಪ್ರಾರ್ಥಿಸಿ. ಅಡುಗೆ ಮಾಡುವ ತಾಯಿಯನ್ನು ಕೇಳಿ, ಹಿರಿಯರನ್ನು ಕೇಳಿ. ಬಲ್ಲ ಇಂಜಿನಿಯರಿಗೆ ಮಣ್ಣು ತೋರಿಸಿ. ಸಾಲ ಎಲ್ಲಿಗೆ ನಿಲ್ಲಬೇಕೆಂದು ಬರೆದಿಡಿ. ಕೂಲಿಯವರ ಹಣವನ್ನು ಮೊದಲೇ ತೆಗೆದಿಡಿ.

ಗೃಹಪ್ರವೇಶಕ್ಕೆ ನಿಮ್ಮ ಗುರುಗಳನ್ನು ಹೇಗೂ ಕರೆಯುತ್ತೀರಿ. ಆ ಸಂಜೆಗೂ ಕರೆಯಿರಿ. ಮನೆಯ ಆಶೀರ್ವಾದ ಅಲ್ಲಿಂದಲೇ ಆರಂಭವಾಗಲಿ.