ನಮ್ಮ ಪಾಲಿನ ನಾಲ್ಕು ತಿಂಗಳು



ನಾವೊಬ್ಬರೇ ಪೂರೈಸಲಾಗದ ಕರ್ತವ್ಯಕ್ಕೆ ನಾವು ಬದ್ಧರೇ? ನಾವು ಎಷ್ಟು ನಿಷ್ಠೆಯಿಂದ ದುಡಿದರೂ ಬೇರೊಬ್ಬರ ಅಲಕ್ಷ್ಯದಿಂದ ಅದು ನೀರುಪಾಲಾಗುವುದಾದರೆ, ದುಡಿಯುವುದೇಕೆ? ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ವಲಸೆ ಹಕ್ಕಿಗಳು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತವೆ.

ಸುಮಾರು 50 ಹೆಕ್ಟೇರ್ ವಿಸ್ತಾರದ ಈ ಕೆರೆಯನ್ನು ಮಳೆನೀರು ಹಿಡಿದು ಹೊಲಗಳಿಗೆ ಉಣಿಸಲೆಂದು ಕಟ್ಟಲಾಯಿತು. ಮಂಗೋಲಿಯ, ಟಿಬೆಟ್‌ಗಳ ಸರೋವರಗಳು ಹೆಪ್ಪುಗಟ್ಟುವ ಮುನ್ನ, ಶರತ್ಕಾಲದಲ್ಲಿ, ಅಲ್ಲಿನ ಪಟ್ಟೆತಲೆಯ ಹೆಬ್ಬಾತುಗಳು ಆ ವರ್ಷದ ಮರಿಗಳೊಡನೆ ಹೊರಟು ಹಿಮಾಲಯವನ್ನು ದಾಟುತ್ತವೆ. ಅವು 7,000 ಮೀಟರಿಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಲ್ಲಿನ ತೆಳುಗಾಳಿಯಿಂದಲೂ ಆಮ್ಲಜನಕವನ್ನು ಹೀರಿಕೊಳ್ಳುವ ವಿಶೇಷ ಶಕ್ತಿ ಅವುಗಳ ರಕ್ತಕ್ಕಿದೆ. ಚಳಿಗಾಲದಲ್ಲಿ ಸಾವಿರಾರು ಹೆಬ್ಬಾತುಗಳು ಮಾಗಡಿಯಲ್ಲಿ ತಂಗಿ, ಬೇಸಿಗೆ ಬಲಿಯುವ ಮುನ್ನ ಮರಳುತ್ತವೆ. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲೆಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಈ ಹಕ್ಕಿ ಯಾರದು? ಮೊಟ್ಟೆಯೊಡೆದು ಬಂದ ನಾಡಿನದೇ? ದಾರಿಯ ನಾಡಿನದೇ? ನಮ್ಮದೇ? ಯಾರ ಸ್ವತ್ತೂ ಅಲ್ಲ. ಎಲ್ಲರ ಕೈಗೂ ಸರದಿಯಂತೆ ಒಪ್ಪಿಸಲ್ಪಟ್ಟದ್ದು. ನಮ್ಮ ಪಾಲು ಸುಮಾರು ನಾಲ್ಕು ತಿಂಗಳು ಮಾತ್ರ.

ರಾಜಸ್ಥಾನದ ಭರತಪುರವನ್ನು ನೋಡಿ. ಅಲ್ಲಿನ ಕೇವಲಾದೇವ ಜೌಗಿನಲ್ಲಿ 1938ರಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಅವರ ಬೇಟೆಯ ತಂಡ ಒಂದೇ ದಿನ 4,273 ಹಕ್ಕಿಗಳನ್ನು ಕೊಂದಿತ್ತು. ಮುಂದೆ ಅದೇ ನೆಲ ರಾಷ್ಟ್ರೀಯ ಉದ್ಯಾನವಾಯಿತು. 1985ರಲ್ಲಿ ವಿಶ್ವ ಪರಂಪರೆಯ ತಾಣವೆನಿಸಿತು. ಆದರೂ ಅಲ್ಲಿಗೆ ಚಳಿಗಾಲ ಕಳೆಯಲು ಬರುತ್ತಿದ್ದ ಸೈಬೀರಿಯದ ಬಿಳಿ ಕ್ರೌಂಚಗಳು 2002ರ ನಂತರ ಕಾಣಿಸಲೇ ಇಲ್ಲ. ದೂರದ ದಾರಿಯಲ್ಲಿ ನಡೆದ ಬೇಟೆ ಅದಕ್ಕೆ ಒಂದು ದೊಡ್ಡ ಕಾರಣ.

ಹಾಗಾದರೆ ಭರತಪುರದವರ ಕಾವಲು ವ್ಯರ್ಥವಾಯಿತೇ? ಹಾಗೆನ್ನಲಾಗದು. ಒಂದು ಕೊಂಡಿ ಕಳಚಿದರೆ ಇಡೀ ಸರಪಳಿಯೇ ತುಂಡಾಗುತ್ತದೆ. ಆದ್ದರಿಂದಲೇ ಒಂದೊಂದು ಕೊಂಡಿಯ ಮೇಲೂ ಸರಪಳಿಯ ಪೂರ್ತಿ ಭಾರವಿದೆ. ಇತರರು ತಪ್ಪಬಹುದೆಂಬುದು ನಮಗೆ ಬಿಡುಗಡೆಯ ಪತ್ರವಲ್ಲ. ಫಲ ನಮ್ಮೊಬ್ಬರ ಕೈಯಲ್ಲಿಲ್ಲ; ನಮ್ಮ ಪಾಲಿನ ನಿಷ್ಠೆ ಮಾತ್ರ ನಮ್ಮ ಕೈಯಲ್ಲಿದೆ.

ಆದರೆ ನ್ಯಾಯದ ಮಾತೊಂದನ್ನು ಮರೆಯಬಾರದು. ಹೆಬ್ಬಾತುಗಳು ಮೇಯುವುದು ಸುತ್ತಲಿನ ರೈತರ ಹೊಲಗಳಲ್ಲಿ. ನೋಡಿ ಆನಂದಿಸುವವರು ನಾವು, ಬೆಳೆ ಕಳೆದುಕೊಳ್ಳುವವರು ಅವರು ಎಂದಾದರೆ, ಅದು ಬಡವನ ಖರ್ಚಿನಲ್ಲಿ ನಡೆಸುವ ಅತಿಥಿ ಸತ್ಕಾರ. ಎಲ್ಲರ ಅತಿಥಿಯ ಊಟದ ಭಾರವನ್ನು ಎಲ್ಲರೂ ಹೊರಬೇಕು. ರೈತನ ನಷ್ಟವನ್ನು ಸಮಾಜ ತುಂಬಿಕೊಡುವುದು ದಾನವಲ್ಲ, ಸಾಲ ತೀರಿಸುವುದು.

ನೋಡಲು ಹೋಗುವವರಿಗೂ ಕರ್ತವ್ಯವಿದೆ. ಚಿತ್ರ ತೆಗೆಯುವ ಆಸೆಯಿಂದ ಹತ್ತಿರ ನುಗ್ಗಿ ಹಿಂಡನ್ನು ಎಬ್ಬಿಸಿದರೆ, ಮರುಪಯಣಕ್ಕೆ ಬೇಕಾದ ಕಸುವು ಅಲ್ಲಿಯೇ ಖರ್ಚಾಗುತ್ತದೆ. ಮಕ್ಕಳನ್ನು ಕರೆದೊಯ್ಯಿರಿ, ದೂರದಲ್ಲಿ ನಿಂತು ಸದ್ದಿಲ್ಲದೆ ನೋಡುವುದನ್ನು ಕಲಿಸಿರಿ. ತನ್ನದಾಗಿಸಿಕೊಳ್ಳದೆಯೂ ಪ್ರೀತಿಸಬಹುದೆಂಬ ಪಾಠ ಅಲ್ಲಿದೆ.

ತಂದೆತಾಯಿಗಳೇ, ಈ ಪಾಠ ನಿಮಗೂ ಸಲ್ಲುತ್ತದೆ. ಮಕ್ಕಳು ನಿಮ್ಮ ಕೈಯಲ್ಲಿರುವುದು ಕೆಲವು ವರ್ಷ. ಮುಂದೆ ಅವರು ಯಾರ ಕೈಸೇರುವರೋ, ಯಾವ ದಾರಿ ಹಿಡಿಯುವರೋ ನೀವು ಬಲ್ಲವರಲ್ಲ. ಆ ಚಿಂತೆಯಲ್ಲಿ ಇಂದಿನ ಆರೈಕೆಯನ್ನು ಕಡಿಮೆ ಮಾಡದಿರಿ. ಮುಂದಿನ ದಾರಿಗೆ ಬೇಕಾದ ಬಲ ತುಂಬಿ ಕಳುಹಿಸುವುದೇ ನಿಮ್ಮ ಪಾಲಿನ ಕೆಲಸ.