ಸೋತ ರಾತ್ರಿಯ ಲೆಕ್ಕ

ಶನಿವಾರ ರಾತ್ರಿ ಒಂದು ಗಂಟೆ. ಸಾರಕ್ಕಿ ಸಿಗ್ನಲ್ ಹತ್ತಿರದ ಗೆಳೆಯನ ಮನೆಯಿಂದ ಜರಗನಹಳ್ಳಿಯ ನನ್ನ ಮನೆಗೆ ನಡ್ಕೊಂಡು ಬರ್ತಿದ್ದೆ. ಮೇಲೆ ಮೆಟ್ರೋ ಮಲಗಿ ಬಹಳ ಹೊತ್ತಾಗಿತ್ತು. ಕೆಳಗೆ ಕನಕಪುರ ರಸ್ತೆಯಲ್ಲಿ ಲಾರಿಗಳ ಸರದಿ ಶುರುವಾಗಿತ್ತು. ಜೇಬಿನಲ್ಲಿ 1,240 ರೂಪಾಯಿ ಕಮ್ಮಿ. ಸೋತಿದ್ದು ಲಿಮಿಟ್ ಹೋಲ್ಡೆಮ್ ಪೋಕರ್‌ನಲ್ಲಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಪ್ರತಿಯೊಬ್ಬರಿಗೂ ಎರಡು ಮುಚ್ಚಿದ ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ತೆರೆದ ಎಲೆ. ನಾಲ್ಕು ಸುತ್ತು ದುಡ್ಡು ಹಾಕಬೇಕು. ಸಿನಿಮಾದಲ್ಲಿ ತೋರಿಸೋ ಹಾಗೆ ಇದ್ದಬದ್ದ ಚಿಪ್ಸನ್ನೆಲ್ಲ ಮುಂದಕ್ಕೆ ತಳ್ಳೋ ಆಟ ಇದಲ್ಲ. ನಮ್ಮಲ್ಲಿ ಮೊದಲೆರಡು ಸುತ್ತಿಗೆ 20 ರೂಪಾಯಿ, ಕೊನೆಯೆರಡಕ್ಕೆ 40, ಅಷ್ಟೇ. ಎಷ್ಟೇ ಧೈರ್ಯ ಬಂದ್ರೂ ಒಂದು ಸಲಕ್ಕೆ ಅದಕ್ಕಿಂತ ಹೆಚ್ಚು ಹಾಕೋ ಹಾಗಿಲ್ಲ. ಆರು ಜನ ಗೆಳೆಯರು, ಆರೂ ಜನಕ್ಕೆ ಇಎಂಐ ಇದೆ. ಹಾಗಾಗಿ ಈ ಆಟ. ಒಬ್ಬೊಬ್ಬರು ರಾತ್ರಿಗೆ ತರೋದು 1,500 ರೂಪಾಯಿ, ಮುಗಿದ ಮೇಲೆ ಮತ್ತೆ ತೆಗೆಯೋ ಹಾಗಿಲ್ಲ.

ಸೋತ ರಾತ್ರಿ ನಾನು ಒಂದು ಕೆಲಸ ತಪ್ಪದೇ ಮಾಡ್ತೀನಿ. ನೆನಪಿರೋ ಕೈಗಳನ್ನೆಲ್ಲ ಫೋನಿನ ಶೀಟ್‌ನಲ್ಲಿ ಬರೀತೀನಿ. ಎರಡು ಕಾಲಂ: ನಿರ್ಧಾರ ಸರಿಯಿತ್ತಾ, ಫಲಿತಾಂಶ ಏನಾಯ್ತು.

ಆವತ್ತಿನ ಒಂದು ಕೈ ಹೀಗಿತ್ತು. ನನ್ನ ಹತ್ತಿರ ಎಕ್ಕ-ರಾಣಿ. ನಡುವೆ ಇನ್ನೊಂದು ರಾಣಿ ಬಿತ್ತು, ಜೋಡಿ ಆಯ್ತು. ಕೊನೆಯ ಎಲೆ ತೆರೆದಾಗ ಮಧ್ಯದಲ್ಲಿ 320 ರೂಪಾಯಿ ಇತ್ತು, ಆದರೆ ಆ ಎಲೆ ಮೂರನೇ ಆಟೀನು. ಎದುರಿನವನು ಕೂಡಲೇ 40 ಹಾಕಿದ. ಈಗ ನಾನು 40 ಕೊಟ್ಟರೆ 360 ಸಿಗಬಹುದು. ಅಂದರೆ ಹತ್ತು ಸಲದಲ್ಲಿ ಒಂದು ಸಲ ಗೆದ್ದರೂ ಅಸಲು ಬರುತ್ತೆ. ಆ ಹುಡುಗ ಸುಳ್ಳಿಗೂ ದುಡ್ಡು ಹಾಕೋನು, ನಾಲ್ಕರಲ್ಲಿ ಒಂದು ಸಲವಾದ್ರೂ ನಾನು ಗೆಲ್ತೀನಿ ಅನ್ನಿಸ್ತು. ಹಾಕಿದೆ. ಅವನು ಎರಡು ಆಟೀನು ತೋರಿಸಿದ. ಪಕ್ಕದಲ್ಲಿದ್ದವನು, "ಬೇಕಿತ್ತಾ ಮಗಾ ನಿಂಗೆ? ಮೂರು ಆಟೀನು ಕಣ್ಣಿಗೆ ಕಾಣ್ತಿರ್ಲಿಲ್ವಾ?" ಅಂದ. ಎಲ್ಲರೂ ನಕ್ಕರು.

ಇನ್ನೊಂದು ಕೈ. ಸಾಲು ಪೂರ್ತಿಯಾಗೋಕೆ ನನಗೆ ಮಧ್ಯದ ಒಂದು ಎಲೆ ಬೇಕಿತ್ತು. ಕಾಣದ 46 ಎಲೆಗಳಲ್ಲಿ ಅಂಥವು ನಾಲ್ಕೇ ನಾಲ್ಕು. ಮಧ್ಯದಲ್ಲಿ 180 ರೂಪಾಯಿ, ನಾನು ಕೊಡಬೇಕಾದ್ದು 40. ಹನ್ನೊಂದೂವರೆ ಸಲಕ್ಕೆ ಒಂದು ಸಲ ಬರೋ ಎಲೆಗೆ ಇದು ತೀರಾ ದುಬಾರಿ. ಲೆಕ್ಕ ಹಾಕಿದರೆ ಅಂಥ ಒಂದೊಂದು ಆಟಕ್ಕೂ ಸರಾಸರಿ 17ರಿಂದ 21 ರೂಪಾಯಿ ನಷ್ಟ. ಆದರೂ ಹಾಕಿದೆ. ಆ ಎಲೆ ಬಂತು! ಎಲ್ಲರೂ ಬೆನ್ನು ತಟ್ಟಿದರು. "ಏನ್ ಆಡ್ತೀಯ ಗುರು!"

ಶೀಟಿನಲ್ಲಿ ಮೊದಲ ಕೈಗೆ 'ಸರಿ, ಸೋಲು' ಅಂತ ಬರೆದೆ. ಎರಡನೆಯದಕ್ಕೆ 'ತಪ್ಪು, ಗೆಲುವು'. ನಕ್ಕಿದ್ದು ಸರಿಯಾದದ್ದಕ್ಕೆ, ಬೆನ್ನು ತಟ್ಟಿದ್ದು ತಪ್ಪಿಗೆ.

ಇದು ಇಸ್ಪೀಟಿಗೆ ಮಾತ್ರ ಸೇರಿದ ವಿಚಾರ ಆಗಿದ್ದಿದ್ರೆ ನಾನು ಬರೀತಾನೇ ಇರ್ಲಿಲ್ಲ. ನಮ್ಮೂರು ಮಧುಗಿರಿ ತಾಲ್ಲೂಕಿನಲ್ಲಿದೆ. 2014ರಲ್ಲಿ ಅಪ್ಪ ಬೋರ್ ಕೊರೆಸಿದರು. ಸುಮ್ಮನೆ ಕೊರೆಸಲಿಲ್ಲ. ಸುತ್ತಮುತ್ತ ಯಾರ ಬೋರಿನಲ್ಲಿ ಎಷ್ಟು ಅಡಿಗೆ ನೀರು ಸಿಕ್ತು ಅಂತ ವಿಚಾರಿಸಿದರು. ಜಿಯಾಲಜಿಸ್ಟ್ ಕರೆಸಿ, ಮೆಷಿನ್ ಇಟ್ಟು ಪಾಯಿಂಟ್ ಮಾಡಿಸಿದರು. 780 ಅಡಿ ಹೋಯ್ತು. ಬರೀ ಧೂಳು. ಎಪ್ಪತ್ತು ಸಾವಿರ ಚಿಲ್ರೆ ಆ ಧೂಳಿನ ಜೊತೆ ಹೋಯ್ತು. ಅದೇ ವರ್ಷ ಪಕ್ಕದ ಹೊಲದವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಓಡಾಡೋರನ್ನ ಕರೆಸಿದರು. ಕಾಯಿ ಎದ್ದು ನಿಂತ ಕಡೆ ಕೊರೆದರು, 420 ಅಡಿಗೆ ಎರಡಿಂಚು ನೀರು. ಇವತ್ತಿಗೂ ಊರಲ್ಲಿ ಅವರು ಬುದ್ಧಿವಂತರು, ನಮ್ಮಪ್ಪ ಆತುರಗೇಡಿ. ನಾನೂ ಒಂದು ಕಾಲದಲ್ಲಿ ಅಪ್ಪನಿಗೆ ಅದನ್ನೇ ಅಂದಿದ್ದೀನಿ.

ಈಗ ಆಫೀಸಿನಲ್ಲಿ ಸರ್ವರ್ ಬಿದ್ದರೆ ನಾವು ಹಾಗೆ ಮಾತಾಡಲ್ಲ. ಆ ರಾತ್ರಿ ಡ್ಯೂಟಿಯಲ್ಲಿದ್ದವನಿಗೆ ಆ ಕ್ಷಣದಲ್ಲಿ ಏನು ಗೊತ್ತಿತ್ತು, ಏನು ಕಾಣ್ತಿತ್ತು ಅಂತ ಮೊದಲು ಕೇಳ್ತೀವಿ. ಬೆಳಗ್ಗೆ ಎದ್ದವರ ಬುದ್ಧಿಯಿಂದ ರಾತ್ರಿ ಎಚ್ಚರ ಇದ್ದವನನ್ನ ಅಳೆಯೋದು ನ್ಯಾಯ ಅಲ್ಲ. ಇದನ್ನ ಸಂಬಳ ಕೊಡೋ ಕಂಪನಿಯಿಂದ ಕಲಿತೆ, ಮನೆಗೆ ಅನ್ವಯಿಸೋಕೆ ಮಾತ್ರ ಹತ್ತು ವರ್ಷ ಹಿಡೀತು.

ಲಿಮಿಟ್ ಹೋಲ್ಡೆಮ್‌ಗೆ ಸಂಬಂಧಪಟ್ಟ ಒಂದು ಸಂಗತಿ ಇಲ್ಲಿ ಹೇಳಬೇಕು. 2015ರ ಜನವರಿಯಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಮೈಕಲ್ ಬೌಲಿಂಗ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಇಬ್ಬರೇ ಆಡುವ ಲಿಮಿಟ್ ಹೋಲ್ಡೆಮ್ ಒಗಟನ್ನ ತಮ್ಮ ಪ್ರೋಗ್ರಾಂ 'ಸೀಫಿಯಸ್' ಹೆಚ್ಚುಕಮ್ಮಿ ಬಿಡಿಸಿದೆ ಅಂತ. ಒಬ್ಬ ಮನುಷ್ಯ ಜೀವಮಾನ ಪೂರ್ತಿ ಕೂತು ಆಡಿದರೂ ಅದನ್ನ ಸೋಲಿಸಬಲ್ಲೆ ಅಂತ ಖಚಿತವಾಗಿ ಹೇಳೋಕಾಗಲ್ಲ, ಅಷ್ಟು ಹತ್ತಿರ. 4,800 ಕೋರ್‌ಗಳ ಮೇಲೆ 68 ದಿನ ಅದು ತನ್ನ ವಿರುದ್ಧ ತಾನೇ ಆಡಿ ಕಲಿತಿತ್ತು.

ಕಲಿತಿದ್ದು ಹೇಗೆ ಗೊತ್ತಾ? ಪಶ್ಚಾತ್ತಾಪದಿಂದ. ಆ ಅಲ್ಗಾರಿದಮ್‌ನ ಹೆಸರಲ್ಲೇ 'ರಿಗ್ರೆಟ್' ಇದೆ. ಪ್ರತಿ ನಿರ್ಧಾರದ ಹತ್ತಿರ ನಿಂತು, ಇದರ ಬದಲು ಅದನ್ನ ಮಾಡಿದ್ದರೆ ಎಷ್ಟು ಹೆಚ್ಚು ಸಿಗ್ತಿತ್ತು ಅಂತ ಲೆಕ್ಕ ಇಡುತ್ತೆ. ನಾವು 'ಛೇ, ಹಾಗೆ ಮಾಡ್ಬೇಕಿತ್ತು' ಅಂತೀವಲ್ಲ, ಅದೇ. ವ್ಯತ್ಯಾಸ ಒಂದೇ. ನಮ್ಮ 'ಛೇ' ಹುಟ್ಟೋದು ಎದುರಿನವನು ತೆರೆದು ತೋರಿಸಿದ ಆ ಎರಡು ಎಲೆ ನೋಡಿ. ಅದರ 'ಛೇ' ಹುಟ್ಟೋದು ಎದುರಿನವನ ಕೈಯಲ್ಲಿ ಇದ್ದಿರಬಹುದಾದ ಎಲ್ಲ ಎಲೆಗಳನ್ನೂ ತೂಗಿ ನೋಡಿ. ಇನ್ನೊಂದು ವಿಷಯ. ಸೀಫಿಯಸ್ ಬಳಸಿದ ವಿಧಾನದಲ್ಲಿ, ಒಂದು ಆಯ್ಕೆಯ ಖಾತೆ ಸೊನ್ನೆಗಿಂತ ಕೆಳಗೆ ಹೋದರೆ ಅದನ್ನ ಸೊನ್ನೆಗೇ ನಿಲ್ಲಿಸಿಬಿಡ್ತಾರೆ. ಹಳೇ ಸಾಲ ಹೊರಿಸಲ್ಲ. ಈ ವಿಷಯದಲ್ಲಿ ಅದು ನಮ್ಮೂರ ಜಗಲಿಗಿಂತ ಉದಾರಿ.

ಇಷ್ಟು ದೂರ ಬಂದ ಮೇಲೆ ಒಂದು ಸಮಾಧಾನ ಸಿಗುತ್ತೆ. ನಿರ್ಧಾರ ಸರಿ ಇದ್ದರೆ ಸಾಕು, ಸೋಲು-ಗೆಲುವು ನಮ್ಮ ಕೈಯಲ್ಲಿಲ್ಲ. ಗೀತೆಯಲ್ಲೂ ಇದನ್ನೇ ಹೇಳಿಲ್ವಾ ಅಂತ ಯಾರಾದ್ರೂ ಕೇಳ್ತಾರೆ. ಆದರೆ ಈ ಸಮಾಧಾನದ ಮೇಲೆ ನನಗೆ ಅನುಮಾನ ಇದೆ. ಯಾಕಂದ್ರೆ ಇದನ್ನ ನಾನೇ ಒಮ್ಮೆ ಕೆಟ್ಟದಾಗಿ ಬಳಸಿದ್ದೀನಿ.

2020, ಲಾಕ್‌ಡೌನ್. ಮನೆಯಿಂದ ಕೆಲಸ, ರಾತ್ರಿ ಆನ್‌ಲೈನ್ ಪೋಕರ್. ಅದು ಲಿಮಿಟ್ ಆಟ ಅಲ್ಲ, ಮಿತಿ ಇಲ್ಲದ್ದು. ನಾಲ್ಕು ತಿಂಗಳಲ್ಲಿ 1,10,000 ರೂಪಾಯಿ ಹೋಯ್ತು. ಫ್ಲ್ಯಾಟ್ ಅಡ್ವಾನ್ಸ್‌ಗೆ ಅಂತ ನಾನೂ ಹೆಂಡತಿಯೂ ಕೂಡಿಡ್ತಿದ್ದ ದುಡ್ಡಿನಿಂದ. ಹೇಳಲೇಬೇಕಾದ ದಿನ ಬಂದಾಗ ನಾನು ಲ್ಯಾಪ್‌ಟಾಪ್ ತೆಗೆದು ಶೀಟ್ ತೋರಿಸಿದೆ. ಗ್ರಾಫ್ ಬೇರೆ ಇತ್ತು. ನೋಡು, ನನ್ನ ನಿರ್ಧಾರಗಳು ಬಹುಪಾಲು ಸರಿ ಇವೆ, ಎಲೆ ಕೈಕೊಟ್ಟಿದೆ ಅಷ್ಟೇ, ಸಾವಿರಾರು ಕೈ ಆಡಿದರೆ ಸರಿಹೋಗುತ್ತೆ ಅಂದೆ. ಅವಳು ಪೂರ್ತಿ ಕೇಳಿಸ್ಕೊಂಡಳು. ಅಳಲಿಲ್ಲ, ಕೂಗಾಡಲಿಲ್ಲ. ಆಮೇಲೆ ಕೇಳಿದಳು:

"ಇಷ್ಟು ಸರಿಯಾದ ಲೆಕ್ಕ ಆಗಿದ್ರೆ, ಆಡೋಕೆ ಮುಂಚೇನೇ ಯಾಕ್ರೀ ತೋರಿಸ್ಲಿಲ್ಲ?"

ನನ್ನ ಶೀಟಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ನಮ್ಮ ಕೋರ್ಟು-ಸರ್ಕಾರಗಳು ಈ ಆಟದ ಬಗ್ಗೆ ವರ್ಷಗಟ್ಟಲೆ ವಾದ ಮಾಡಿವೆ. ಕೌಶಲದ ಆಟವಾಗಿ ಆಡೋದಾದರೆ ಪೋಕರ್‌ಗೆ ಲೈಸೆನ್ಸ್ ಬೇಡ ಅಂತ 2013ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನ ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು, ಕೌಶಲವೋ ಅದೃಷ್ಟವೋ ಅನ್ನೋ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟು ಆನ್‌ಲೈನ್ ದುಡ್ಡಿನ ಆಟ ನಿಲ್ಲಿಸೋ ಕಾನೂನು ಮಾಡಿತು. ನನ್ನ ಹೆಂಡತಿ ಆ ಪ್ರಶ್ನೆಯನ್ನ 2020ರಲ್ಲೇ ಪಕ್ಕಕ್ಕಿಟ್ಟಿದ್ದಳು.

ಅವಳಿಗಿಂತ ಮುಂಚೆ ಇದನ್ನ ಕೇಳಿದವಳು ದ್ರೌಪದಿ. ಜೂಜಿನ ಸಭೆಯಲ್ಲಿ ಅವಳ ಮೊದಲ ಪ್ರಶ್ನೆ, ಧರ್ಮರಾಯನಿಗೆ ಆಡೋಕೆ ಬರ್ತಿತ್ತಾ, ದಾಳ ಮೋಸದ್ದಾ ಅಂತ ಇರಲಿಲ್ಲ. ಅವನು ಮೊದಲು ಸೋತಿದ್ದು ತನ್ನನ್ನೋ, ನನ್ನನ್ನೋ ಅಂತ ಕೇಳಿದಳು. ಅಂದರೆ, ನನ್ನನ್ನ ಪಣಕ್ಕಿಡೋ ಹಕ್ಕು ಅವನಿಗೆ ಇತ್ತಾ? ಹಿರಿಯರೆಲ್ಲ ತಲೆ ತಗ್ಗಿಸಿ ಕೂತರು.

ಆಮೇಲೆ ಕಾಡಿನಲ್ಲಿ ಧರ್ಮರಾಯ ಕೊರಗ್ತಾ ಕೂತಾಗ ಬೃಹದಶ್ವ ಮುನಿ ಅವನಿಗೆ ನಳನ ಕಥೆ ಹೇಳ್ತಾನೆ. ನಳನೂ ಜೂಜಿನಲ್ಲಿ ರಾಜ್ಯ ಕಳ್ಕೊಂಡವನು. ದಮಯಂತಿಯನ್ನ ಪಣಕ್ಕಿಡು ಅಂತ ಪುಷ್ಕರ ಕೆಣಕಿದಾಗ ಇಡದೆ, ಒಡವೆ ಕಳಚಿಟ್ಟು ಎದ್ದು ಹೋದವನು. ಮುಂದೆ ಅವನಿಗೆ ಋತುಪರ್ಣ ರಾಜ ಸಿಗ್ತಾನೆ. ಒಂದು ತಾರೆ ಮರದ ಎಲೆ, ಕಾಯಿ ಎಷ್ಟಿವೆ ಅಂತ ರಥದಲ್ಲಿ ಕೂತೇ ಲೆಕ್ಕ ಹೇಳಿದ ರಾಜ. ಅವನಿಂದ ನಳ ದಾಳದ ಗುಟ್ಟು, ಅಕ್ಷಹೃದಯ, ಕಲಿತು ವಾಪಸ್ ಬಂದು ಪುಷ್ಕರನನ್ನ ಸೋಲಿಸ್ತಾನೆ. ಕಥೆ ಮುಗಿಸಿದ ಮುನಿ ಅದೇ ವಿದ್ಯೆಯನ್ನ ಧರ್ಮರಾಯನಿಗೂ ಕೊಡ್ತಾನೆ. ಸೋತ ರಾತ್ರಿಯ ರಿವ್ಯೂ ನಮ್ಮಲ್ಲಿ ಅಷ್ಟು ಹಳೇದು.

ಆದರೆ ಆ ಕಥೆಯಲ್ಲಿ ನಾವು ದಾಟಿಕೊಂಡು ಹೋಗೋ ಒಂದು ಜಾಗ ಇದೆ. ಕೊನೆಯ ಆಟಕ್ಕೆ ಕೂತಾಗ ನಳ ಪಣಕ್ಕಿಟ್ಟಿದ್ದು ತಾನು ಗಳಿಸಿದ್ದೆಲ್ಲದರ ಜೊತೆ ದಮಯಂತಿಯನ್ನೂ. ಗೆದ್ದ. ಗೆದ್ದದ್ದರಿಂದ ಅದನ್ನ ಯಾರೂ ಕೇಳಲ್ಲ. ಧರ್ಮರಾಯ ಸೋತ, ಹಾಗಾಗಿ ಇವತ್ತಿಗೂ ಕೇಳ್ತೀವಿ. ಅದೃಷ್ಟ ಅನ್ನೋದು ತಪ್ಪನ್ನ ಸರಿ ಮಾಡಲ್ಲ, ಮುಚ್ಚಿಹಾಕುತ್ತೆ. ನಾನು ಆ 1,10,000 ಸೋಲದೆ ಗೆದ್ದಿದ್ದರೂ ಹೆಂಡತಿಯನ್ನ ಕೇಳದೆ ಅವಳ ದುಡ್ಡು ಇಟ್ಟವನೇ ಆಗಿರ್ತಿದ್ದೆ. ಅವಳಿಗೆ ಗೊತ್ತಾಗ್ತಿರಲಿಲ್ಲ, ಅಷ್ಟೇ.

ಎಲ್ಲದಕ್ಕೂ ಕೇಳ್ತಾ ಕೂತರೆ ಬದುಕೋಕೆ ಆಗುತ್ತಾ ಅಂತ ನೀವು ಕೇಳಬಹುದು. ಆಗಲ್ಲ. ಮಳೆ ಬಿದ್ದ ದಿನ ಬಿತ್ತೋನು ಮೀಟಿಂಗ್ ಕರೆಯೋಕಾಗಲ್ಲ. ಆದರೆ ಸೋತರೆ ಯಾರ ಊಟಕ್ಕೆ ಕೈ ಬೀಳುತ್ತೋ ಅವರಿಗೆ ಮುಂಚೆ ಗೊತ್ತಿರಬೇಕು. ಕೇಳಿ ಸೋತರೂ ದುಡ್ಡು ಹೋಗೋದು ಅಷ್ಟೇ. ಆದರೆ ಆಗ ಇಬ್ಬರೂ ಒಂದೇ ಕಡೆ ಕೂತು ಸೋತಿರ್ತೀವಿ.

ಭಾನುವಾರ ಬೆಳಗ್ಗೆ ಊರಿಗೆ ಫೋನ್ ಮಾಡಿದೆ. "ಅಪ್ಪಾ, ಆವತ್ತು ನೀನು ಬೋರ್ ಕೊರೆಸಿದ್ದು ತಪ್ಪಲ್ಲ. ಅಷ್ಟು ನೋಡಿ ಮಾಡಿದ್ದೆ. ನಾನೇ ಸುಮ್ನೆ ಅಂದ್ಬಿಟ್ಟೆ" ಅಂದೆ. ಹತ್ತು ವರ್ಷದ ಮೇಲೆ ಇದೇನು ಅಂತ ಅಪ್ಪನಿಗೆ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಬೋರ್‌ದು ಬಿಡಪ್ಪಾ, ಭೂಮಿಯೊಳ್ಗೆ ಯಾರ್ ನೋಡಿದಾರೆ. ನಿಮ್ಮಮ್ಮನ ಬಳೆ ಇಟ್ಟಿದ್ನಲ್ಲ, ಅದೇ. ಅವ್ಳನ್ನ ಒಂದ್ ಮಾತು ಕೇಳಿರ್ಲಿಲ್ಲ."

ಹಿಂದಿನಿಂದ ಅಮ್ಮನ ದನಿ ಕೇಳಿಸ್ತು. "ಕೇಳಿದ್ದಿದ್ರೆ ನಾನೇ ಬಿಚ್ಚಿ ಕೊಡ್ತಿದ್ದೆ."

ಅಪ್ಪ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಆಮೇಲೆ ಅಮ್ಮ ಫೋನ್ ಇಸ್ಕೊಂಡು, ತಿಂಡಿ ಆಯ್ತಾ ಅಂತ ಕೇಳಿದಳು.

ನನ್ನ ಶೀಟಿನಲ್ಲಿ ಈಗ ಮೂರು ಕಾಲಂ ಇದೆ. ನಿರ್ಧಾರ, ಫಲಿತಾಂಶ, ಇಟ್ಟಿದ್ದು ಯಾರದ್ದು. ಶನಿವಾರದ ಸಾಲುಗಳಿಗೆಲ್ಲ ಮೂರನೆಯದರಲ್ಲಿ ಒಂದೇ ಉತ್ತರ: ನನ್ನದು, ಹೇಳಿದ್ದೆ. ಗೆದ್ದ ಕೈಗಳಿಗೂ ತುಂಬಿದೆ. ಹೆಂಡತಿ ಕಾಫಿ ತಂದಿಟ್ಟು, "ಎಷ್ಟು ಹೋಯ್ತು?" ಅಂದಳು. ಹೇಳಿದೆ. "ಮುಂದಿನ ತಿಂಗಳು ಹೊರಗಡೆ ಊಟ ಕಟ್ ಹಾಗಾದ್ರೆ" ಅಂದಳು.

ಆಯ್ತು ಅಂದೆ.