ಆರು ಕಿಲೋಮೀಟರ್

ಮೊನ್ನೆ ಆಫೀಸಿನ ಕ್ಯಾಂಟೀನಿನಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ಕೇಳಿದ: “ಸರ್, ನೀವು ಒಂದೇ ದಿನ 200 ಕಿಲೋಮೀಟರ್ ಸೈಕಲ್ ಹೊಡೆದಿದ್ದೀರಂತೆ, ಹೌದಾ?”

“ಇಲ್ಲ, 197” ಅಂದೆ.

ಜೋಕ್ ಅಂದುಕೊಂಡು ನಕ್ಕ. ಜೋಕ್ ಅಲ್ಲ. ಆ ದಿನದ ದಾರಿ ಒಟ್ಟು 203 ಕಿಲೋಮೀಟರ್ ಇತ್ತು. ನಡುವೆ ಬಿಟ್ಟುಹೋದ ಆರು ಕಿಲೋಮೀಟರಿನ ಬಗ್ಗೆಯೇ ಈ ಬರಹ.

ಗೊತ್ತಿಲ್ಲದವರಿಗೆ ಮೊದಲು ಸ್ವಲ್ಪ ಹೇಳಿಬಿಡುತ್ತೇನೆ. ದೂರದ ಸೈಕಲ್ ಸವಾರಿಯಲ್ಲಿ ‘ಬ್ರೆವೆ’ ಅಂತ ಒಂದು ಪದ್ಧತಿ ಉಂಟು. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ನಾಲ್ಕನ್ನೂ ಒಂದೇ ಸೀಸನ್ನಿನಲ್ಲಿ ಮುಗಿಸಿದರೆ ‘ಸೂಪರ್ ರ‍್ಯಾಂಡನರ್’ ಅನ್ನುತ್ತಾರೆ. ಇದು ರೇಸ್ ಅಲ್ಲ. ಫಲಿತಾಂಶದಲ್ಲಿ ಫಸ್ಟ್, ಸೆಕೆಂಡ್ ಇಲ್ಲ. ಬಹುಮಾನದ ಹಣ ಇಲ್ಲ. ಪದಕ ಬೇಕಾದರೆ ನಾವೇ ದುಡ್ಡು ಕೊಟ್ಟು ತರಿಸಿಕೊಳ್ಳಬೇಕು. ಹೊರಡುವಾಗ ಒಂದು ಕಾರ್ಡು ಕೊಡುತ್ತಾರೆ. ದಾರಿಯಲ್ಲಿ ಅಲ್ಲಲ್ಲಿ ‘ಕಂಟ್ರೋಲ್’ ಇರುತ್ತದೆ, ಅಲ್ಲಿ ಹೊತ್ತಿಗೆ ಸರಿಯಾಗಿ ಮುಟ್ಟಿ ಸೀಲು ಹಾಕಿಸಿಕೊಳ್ಳಬೇಕು. ರಾತ್ರಿಯಾದರೆ ಲೈಟು, ಮಿನುಗುವ ಜಾಕೆಟ್ಟು ಕಡ್ಡಾಯ. ಎಲ್ಲಕ್ಕಿಂತ ದೊಡ್ಡ ನಿಯಮ ಒಂದೇ: ನಿನ್ನ ಸವಾರಿ ನಿನ್ನದು. ಹಿಂದೆ ಕಾರು ಬರುವ ಹಾಗಿಲ್ಲ. ಪಂಕ್ಚರ್ ಆದರೆ ನೀನೇ ಹಾಕು. ಅಂಗಡಿಯಲ್ಲಿ ದುಡ್ಡು ಕೊಟ್ಟು ಏನು ಬೇಕಾದರೂ ತಗೋ, ಆದರೆ ನಿನ್ನವರು ಬಂದು ದಾರಿ ಮಧ್ಯೆ ಸಹಾಯ ಮಾಡುವ ಹಾಗಿಲ್ಲ. ಕೊನೆಗೆ ಕಾರ್ಡಿನಲ್ಲಿ ಸಹಿ ಮಾಡಿ ಒಪ್ಪಿಸಬೇಕು.

ಈ ವ್ಯವಸ್ಥೆಯ ಹಿಂದೆ ಇರುವುದು ಪ್ಯಾರಿಸ್ಸಿನ ಒಂದು ಹಳೆಯ ಕ್ಲಬ್ಬು, ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್. ಹುಟ್ಟಿದ್ದು 1904ರಲ್ಲಿ. ಅದೇ ವರ್ಷದ ಟೂರ್ ದ ಫ್ರಾನ್ಸ್‌ನಲ್ಲಿ ಗೆದ್ದ ಮೊರೀಸ್ ಗಾರಾಂ ಸೇರಿ ಮೊದಲ ನಾಲ್ಕೂ ಜನರನ್ನು ಆಮೇಲೆ ಅನರ್ಹ ಮಾಡಿದರು. ಆ ಸಲದ ಸವಾರರ ಮೇಲೆ ಇದ್ದ ಆರೋಪಗಳಲ್ಲಿ ರೈಲು, ಕಾರು ಹತ್ತಿದ್ದೂ ಒಂದು. ಮೊದಲ ಸಲ ಇದನ್ನು ಓದಿದಾಗ ನಾನು ಜೋರಾಗಿ ನಕ್ಕಿದ್ದೆ. ಸೈಕಲ್ ರೇಸಿನಲ್ಲಿ ರೈಲು ಹತ್ತುವುದಾ! ಈಗ ನಗು ಬರುವುದಿಲ್ಲ.

ನಮ್ಮ ಮನೆ ಮಲ್ಪೆಯಲ್ಲಿ, ಬಂದರಿನಿಂದ ನಡೆದು ಹೋಗುವಷ್ಟು ದೂರ. ಅಪ್ಪ ಮೊದಲು ಕಲಾಸಿ, ಆಮೇಲೆ ತಾಂಡೇಲ. ಮೂವತ್ತು ವರ್ಷ ಬೋಟಿನಲ್ಲಿ ದುಡಿದು ಈಗ ಮಂಡಿನೋವಿನಿಂದ ಮನೆಯಲ್ಲಿ. ನಾನು ಮಣಿಪಾಲದಲ್ಲಿ ಲ್ಯಾಪ್‌ಟಾಪಿನ ಮುಂದೆ. ಬ್ರೆವೆಗೆ ಹೆಸರು ಕೊಟ್ಟ ದಿನ ಅಪ್ಪನಿಗೆ ಹೇಳಿದೆ.

“ಗೆದ್ದರೆ ಎಷ್ಟು ಕೊಡ್ತಾರೆ?”

“ಗೆಲ್ಲುದು ಅಂತ ಇಲ್ಲ ಅಪ್ಪ. ನಾವೇ ಫೀಸು ಕಟ್ಟಬೇಕು.”

ಅಪ್ಪ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. “ದುಡ್ಡು ಕೊಟ್ಟು ಬಚ್ಚಿಸಿಕೊಳ್ಳುದಾ?”

ಬಚ್ಚುವುದು ಅಂದರೆ ನಮ್ಮ ಕಡೆ ಸುಸ್ತಾಗುವುದು. ಹತ್ತು ದಿನ ಕಡಲಲ್ಲಿ ಬಲೆ ಎಳೆದು ಬಂದವರಿಗೆ ಅದು ಹಣ ಕೊಟ್ಟು ಕೊಳ್ಳುವ ವಸ್ತುವಲ್ಲ. ನಮ್ಮ ಪೀಳಿಗೆಗೆ ಮೈದಣಿವು ಅಷ್ಟು ಅಪರೂಪ ಆಗಿದೆ, ಅದಕ್ಕೇ ನಾವು ರೇಟು ಕೊಡುತ್ತೇವೆ. ಆ ದಿನ ಅಪ್ಪನಿಗೆ ಉತ್ತರ ಕೊಡಲಿಲ್ಲ. ಉತ್ತರ ಇರಲೂ ಇಲ್ಲ.

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ 6ಕ್ಕೆ ಉಡುಪಿಯಿಂದ ಹೊರಟೆವು. ಹೆದ್ದಾರಿ 66ರಲ್ಲಿ ಉತ್ತರಕ್ಕೆ, ಮುರ್ಡೇಶ್ವರ ಮುಟ್ಟಿ ವಾಪಸ್. ಬ್ರಹ್ಮಾವರ, ಸಾಲಿಗ್ರಾಮ, ಕೋಟ, ಕುಂದಾಪುರ ಹೋದದ್ದೇ ಗೊತ್ತಾಗಲಿಲ್ಲ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ಎಳೆಬಿಸಿಲಿಗೆ ಎರಡೂ ಹೊಳೆಯುತ್ತಿದ್ದವು. ನಿಲ್ಲಿಸಿ ಸೆಲ್ಫಿ ತೆಗೆದೆ. ಬೈಂದೂರು ದಾಟಿದ ಮೇಲೆ ಒತ್ತಿನೆಣೆಯ ಏರು ಸಿಕ್ಕಿತು, ಅದನ್ನೂ ಹತ್ತಿದೆ. ಮುರ್ಡೇಶ್ವರದ ಕಂಟ್ರೋಲಿನಲ್ಲಿ 12.15ಕ್ಕೆ ಸೀಲು ಬಿತ್ತು. ಇನ್ನೂ ಅರ್ಧ ಗಂಟೆ ಕೈಯಲ್ಲಿತ್ತು. ಅನ್ನ, ಸಾಂಬಾರು, ಮೇಲಿಂದ ಎರಡು ಗ್ಲಾಸು ಮಜ್ಜಿಗೆ. ನನಗೆ ನನ್ನ ಬಗ್ಗೆ ತುಂಬಾ ಒಳ್ಳೆಯ ಅಭಿಪ್ರಾಯ ಇತ್ತು.

ವಾಪಸ್ ಬರುವಾಗ ಎಲ್ಲ ತಿರುಗಿತು. ಬಿಸಿಲು ನೆತ್ತಿಗೆ ಬಡಿಯುತ್ತಿತ್ತು, ಬೆಳಿಗ್ಗೆ ಇಳಿದ ಇಳಿಜಾರುಗಳೆಲ್ಲ ಈಗ ಏರು. ಉಪ್ಪುಂದದ ಹತ್ತಿರ ಹಿಂದಿನ ಚಕ್ರ ಪಂಕ್ಚರ್. ಯೂಟ್ಯೂಬಿನಲ್ಲಿ ಐದು ನಿಮಿಷದ ಕೆಲಸ, ನನಗೆ ನಲವತ್ತು ನಿಮಿಷ ಹಿಡಿಯಿತು. ತ್ರಾಸಿ ಮುಟ್ಟುವಾಗ 4.20. ಇನ್ನೂ 52 ಕಿಲೋಮೀಟರ್ ಉಂಟು, ಮೂರು ಗಂಟೆ ಹತ್ತು ನಿಮಿಷ ಉಂಟು. ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತೆ. ಏಳಲಿಕ್ಕೆ ಆಗಲಿಲ್ಲ.

ಆಗ ಹಾರ್ನ್ ಕೇಳಿತು. ಚಿಕ್ಕಮ್ಮನ ಮಗ. ಭಟ್ಕಳಕ್ಕೆ ಮೀನು ಇಳಿಸಿ, ಖಾಲಿ ಬಾಕ್ಸು ತುಂಬಿಸಿಕೊಂಡು ಪಿಕಪ್ಪಿನಲ್ಲಿ ಮಲ್ಪೆಗೆ ಹೊರಟಿದ್ದ.

“ಎಂತ ಮಾರಾಯ ನಿನ್ನ ಅವಸ್ಥೆ? ಹಾಕು ಸೈಕಲು ಹಿಂದೆ.”

“ಬೇಡ ಮಾರಾಯ, ಹತ್ತುವ ಹಾಗಿಲ್ಲ.”

“ಯಾರು ನೋಡ್ತಾರೆ? ಸ್ವಲ್ಪ ದೂರ ಬಿಡ್ತೇನೆ. ನೆರಳಲ್ಲಿ ಕೂತರೆ ಜೀವ ಬರ್ತದೆ.”

ನಾನು ಹತ್ತಿದೆ. ಹತ್ತುವ ಮೊದಲು ಇನ್ನೊಂದು ಕೆಲಸ ಮಾಡಿದೆ. ಜೇಬಿನಿಂದ ಮೊಬೈಲು ತೆಗೆದು ಸ್ಟ್ರಾವಾವನ್ನು ಪಾಸ್ ಮಾಡಿದೆ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಸುಸ್ತಿನಲ್ಲಿ ತಲೆ ಓಡಲಿಲ್ಲ, ಏನು ಮಾಡಿದೆ ಅಂತ ಗೊತ್ತಾಗಲಿಲ್ಲ ಅಂತೆಲ್ಲ ಹೇಳಿಕೊಳ್ಳಬಹುದಿತ್ತು. ಆದರೆ ಬೆರಳಿಗೆ ಎಲ್ಲ ಗೊತ್ತಿತ್ತು. ಸೋತದ್ದು ಕಾಲು ಮಾತ್ರ.

ಹೆಮ್ಮಾಡಿಗಿಂತ ಸ್ವಲ್ಪ ಮೊದಲು ನಮ್ಮ ಮುಂದೆ ಒಬ್ಬರು ಸೈಕಲ್ ತುಳಿಯುತ್ತಿದ್ದರು. ಐವತ್ತು ದಾಟಿದ ಮನುಷ್ಯ. ಬೆಳಿಗ್ಗೆ ಕೋಟದಲ್ಲಿ ಚಾ ಕುಡಿಯುವಾಗ ಪರಿಚಯ ಆಗಿದ್ದರು. ಬೆನ್ನು ಬಾಗಿಸಿಕೊಂಡು ಒಂದೇ ಲಯದಲ್ಲಿ, ಬಹಳ ನಿಧಾನ. ಪಿಕಪ್ಪು ಅವರನ್ನು ಓವರ್‌ಟೇಕ್ ಮಾಡುವಾಗ ನಾನು ಶೂ ಲೇಸ್ ಕಟ್ಟುವವನ ಹಾಗೆ ಸೀಟಿನಲ್ಲಿ ಬಗ್ಗಿದೆ.

ಹೆಮ್ಮಾಡಿಯಲ್ಲಿ “ನಿಲ್ಸು” ಅಂದೆ. ಆರು ಕಿಲೋಮೀಟರ್ ಆಗಿತ್ತು. ಇಳಿದು ತುಳಿಯಲಿಕ್ಕೆ ಶುರು ಮಾಡಿದೆ. ಸಂಜೆಯ ಕಡಲಗಾಳಿ ಬೆನ್ನಿಗೆ ಸಿಕ್ಕಿತು. ಕತ್ತಲಾದ ಮೇಲೆ ಲೈಟು ಹಾಕಿಕೊಂಡು 7.19ಕ್ಕೆ ಉಡುಪಿ ಮುಟ್ಟಿದೆ. 7.30 ಕೊನೆ. ಹನ್ನೊಂದು ನಿಮಿಷ ಬಾಕಿ ಇತ್ತು. ಚಪ್ಪಾಳೆ ತಟ್ಟಿದರು. ಕಾರ್ಡು ಮುಂದಿಟ್ಟು “ಇಲ್ಲಿ ಸಹಿ ಮಾಡಿ” ಅಂದರು. ಮಾಡಿದೆ.

ಆ ಮನುಷ್ಯ ಬಂದದ್ದು 7.38ಕ್ಕೆ. ಅವರ ಕಾರ್ಡಿಗೆ ಕೊನೆಯ ಸೀಲು ಬೀಳಲಿಲ್ಲ. ಹೆಲ್ಮೆಟ್ ತೆಗೆದು, ಮುಖ ಒರೆಸಿಕೊಂಡು, ಸೀದಾ ನನ್ನ ಹತ್ತಿರ ಬಂದು ಕೈ ಕುಲುಕಿದರು. “ಫಸ್ಟ್ ಟೈಮಲ್ಲೇ ಮುಗಿಸಿದ್ರಿ. ಗ್ರೇಟ್.”

ರಾತ್ರಿ ಮಲಗಿ ಲೆಕ್ಕ ಹಾಕಿದೆ. ಆ ಆರು ಕಿಲೋಮೀಟರ್ ತುಳಿದಿದ್ದರೆ ಇಪ್ಪತ್ತೆರಡು ನಿಮಿಷ ಬೇಕಿತ್ತು, ಪಿಕಪ್ಪಿನಲ್ಲಿ ಎಂಟು ನಿಮಿಷ ಆಯಿತು. ಉಳಿದದ್ದು ಹದಿನಾಲ್ಕು. ಅಂದರೆ ಹತ್ತದೆ ಇದ್ದರೆ ಮೂರು ನಿಮಿಷ ತಡ ಆಗುತ್ತಿತ್ತು. ಆ ಮೂರು ನಿಮಿಷವನ್ನು ಎಲ್ಲಾದರೂ ಉಳಿಸಬಹುದಿತ್ತೇನೋ. ಬೆಳಿಗ್ಗೆ ಸೆಲ್ಫಿ ತೆಗೆಯದೆ ಇದ್ದಿದ್ದರೂ ಸಾಕಿತ್ತು. ಈ ‘ಏನೋ’ ನನಗೆ ದೊಡ್ಡ ಸಮಾಧಾನ ಆಗಬೇಕಿತ್ತು, ಆಗಲಿಲ್ಲ.

ವಕೀಲನ ಹಾಗೆ ವಾದವನ್ನೂ ಮಾಡಿ ನೋಡಿದೆ. ಯಾರಿಗೆ ನಷ್ಟ? ರ‍್ಯಾಂಕ್ ಇಲ್ಲ, ಹಾಗಾಗಿ ಯಾರ ಜಾಗವನ್ನೂ ನಾನು ಕಿತ್ತುಕೊಳ್ಳಲಿಲ್ಲ. ಹಣ ಇಲ್ಲ, ಕದಿಯಲಿಲ್ಲ. ಆ ಹಿರಿಯರಿಗೆ ನನ್ನಿಂದಾಗಿ ಒಂದು ನಿಮಿಷವೂ ತಡ ಆಗಲಿಲ್ಲ. ವಾದ ಸರಿಯಾಗಿಯೇ ಇತ್ತು. ಆದರೆ ಅವರು ಕೈ ಕುಲುಕಿದ್ದು ನೆನಪಾದ ಕೂಡಲೇ ಬಿದ್ದುಹೋಗುತ್ತಿತ್ತು. ಆ ಸೀಲಿಗೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ. ಇದನ್ನು ಹಾಕಿಸಿಕೊಂಡವರು ನಿಜವಾಗಿ ತುಳಿದಿದ್ದಾರೆ ಅಂತ ನಂಬುವ ಜನ ಇರುವಷ್ಟು ದಿನ ಮಾತ್ರ ಅದಕ್ಕೆ ಬೆಲೆ. ಆ ನಂಬಿಕೆಯನ್ನು ಹದಿಮೂರು ಗಂಟೆಗಿಂತ ಹೆಚ್ಚು ಹೊತ್ತು ಹೊತ್ತು ತಂದದ್ದು, ಸೀಲು ಸಿಗದೆ ವಾಪಸ್ ಹೋದ ಆ ಮನುಷ್ಯ. ನಾನು ಅದರ ಮೇಲೆ ಕೂತು ಬಂದೆ.

ಬೆಳಿಗ್ಗೆ ಚಾ ಕುಡಿಯುವಾಗ ಅಪ್ಪನಿಗೆ ಹೇಳಿದೆ. ಅವರಿಗೆ ಸಮಸ್ಯೆಯೇ ಅರ್ಥ ಆಗಲಿಲ್ಲ.

“ಹತ್ತಿದ್ದರಲ್ಲಿ ಎಂತ ತಪ್ಪು? ಬಚ್ಚಿತ್ತು, ನಮ್ಮ ಹುಡುಗ ಬಂದ, ಹತ್ತಿದಿ.”

“ಸಹಾಯ ತಗೊಳ್ಳುವ ಹಾಗಿಲ್ಲ ಅಂತ ರೂಲ್ಸ್ ಉಂಟು ಅಪ್ಪ.”

“ಅದು ಎಂತ ರೂಲ್ಸು! ಕಡಲಲ್ಲಿ ಸಹಾಯ ಬೇಡ ಅಂದವ ದಕ್ಕೆಗೆ ಬರೂದಿಲ್ಲ.”

ಇದನ್ನು ಮಲ್ಪೆಯಲ್ಲಿ ಯಾರೂ ಸುಮ್ಮನೆ ಹೇಳುವುದಿಲ್ಲ. 2018ರ ಡಿಸೆಂಬರಿನಲ್ಲಿ ಇಲ್ಲಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಜನರ ಸಮೇತ ಕಾಣೆಯಾಯಿತು. ತಿಂಗಳುಗಟ್ಟಲೆ ಹುಡುಕಿದ ಮೇಲೆ 2019ರಲ್ಲಿ ನೌಕಾಪಡೆಗೆ ಮಹಾರಾಷ್ಟ್ರದ ಮಾಲ್ವಣದ ಕಡಲಿನಲ್ಲಿ ಅದರ ಅವಶೇಷ ಸಿಕ್ಕಿತು. ಆ ದಿನಗಳಲ್ಲಿ ನಮ್ಮ ಕೇರಿಯಲ್ಲಿ ಒಲೆಯ ಮುಂದೆ ಕೂತವರಿಗೂ ಇದ್ದ ಮಾತು ಒಂದೇ, ಹತ್ತಿರದಲ್ಲಿ ಇನ್ನೊಂದು ಬೋಟು ಇರಬೇಕಿತ್ತು ಅಂತ.

ಅಪ್ಪ ಒಂದು ಹಳೆಯ ಕತೆ ಹೇಳಿದರು. ಹೊನ್ನಾವರದ ಆಚೆ ಅವರ ಬೋಟಿನ ಇಂಜಿನ್ ಬಂದ್ ಬಿದ್ದು, ಬೇರೆ ಬೋಟಿನವರು ಹಗ್ಗ ಕಟ್ಟಿ ಇಡೀ ರಾತ್ರಿ ಎಳೆದುಕೊಂಡು ಬಂದದ್ದು. ನಾನು ಇದನ್ನು ಮೊದಲೂ ಕೇಳಿದ್ದೆ, ಕೊನೆಯ ಭಾಗ ಮಾತ್ರ ಕೇಳಿರಲಿಲ್ಲ.

“ದಕ್ಕೆಗೆ ಮುಟ್ಟಿದ ಕೂಡಲೇ ಮೊದಲ ಕೆಲಸ ಎಂತ ಗೊತ್ತುಂಟಾ? ಎಳೆದವರ ಹೆಸರು ಎಲ್ಲರ ಎದುರು ಹೇಳುದು. ಅವರ ಡೀಸೆಲಿನ ಲೆಕ್ಕ ಆಮೇಲೆ. ನಾವೇ ಇಂಜಿನ್ ರಿಪೇರಿ ಮಾಡಿ ಬಂದೆವು ಅಂತ ಹೇಳಿದರೆ ಮುಂದಿನ ಸಲ ಹಗ್ಗ ಯಾರು ಬಿಸಾಡ್ತಾರೆ?” ಸ್ವಲ್ಪ ತಡೆದು ಕೇಳಿದರು: “ನೀನು ಹತ್ತಿದ್ದನ್ನು ಅಲ್ಲಿ ಹೇಳಿದ್ಯಾ?”

“ಇಲ್ಲ.”

ಅಪ್ಪ ಮತ್ತೆ ಏನೂ ಹೇಳಲಿಲ್ಲ. ಗ್ಲಾಸು ತೊಳೆಯಲಿಕ್ಕೆ ಎದ್ದು ಹೋದರು.

ಬ್ರೆವೆಯ ನಿಯಮವೂ ಅಪ್ಪನ ಕಡಲಿನ ನಿಯಮವೂ ಒಂದಕ್ಕೊಂದು ಉಲ್ಟಾ ಅಂತ ನಾನು ತಿಳಿದಿದ್ದೆ. ಒಂದು ಸಹಾಯ ತಗೊಳ್ಳಬೇಡ ಅನ್ನುತ್ತದೆ, ಇನ್ನೊಂದು ಬೇಡ ಅನ್ನಬೇಡ ಅನ್ನುತ್ತದೆ. ಆದರೆ ಎರಡರಲ್ಲೂ ನನ್ನ ತಪ್ಪು ಇದ್ದದ್ದು ಒಂದೇ ಕಡೆ. ತ್ರಾಸಿಯಲ್ಲಿ ಪಿಕಪ್ ಹತ್ತಿದ ನಾನು ಸುಸ್ತಾದ ಒಬ್ಬ ಮನುಷ್ಯ. ಅಷ್ಟೇ ಆಗಿದ್ದರೆ ಮನೆಗೆ ಹೋಗಿ ಗಂಜಿ ಕುಡಿದು ಮಲಗಬಹುದಿತ್ತು, ಯಾರೂ ಏನೂ ಹೇಳುತ್ತಿರಲಿಲ್ಲ. ಉಡುಪಿಯಲ್ಲಿ ಸಹಿ ಹಾಕುವಾಗ ನಾನು ಚಿಕ್ಕಮ್ಮನ ಮಗನನ್ನು, ಅವನ ಪಿಕಪ್ಪನ್ನು, ಅವನ ಪ್ರೀತಿಯನ್ನು ಆ ದಿನದಿಂದ ಅಳಿಸಿ ಹಾಕಿದೆ. ಸಹಾಯ ತಗೊಂಡದ್ದಕ್ಕಿಂತ ತಗೊಳ್ಳಲೇ ಇಲ್ಲ ಅಂದದ್ದು ದೊಡ್ಡ ಸುಳ್ಳು.

ಯೋಚಿಸುತ್ತಾ ಹೋದ ಹಾಗೆ, ಈ ಅಭ್ಯಾಸ ಸೈಕಲಿನಿಂದ ಬಂದದ್ದಲ್ಲ ಅಂತ ಗೊತ್ತಾಯಿತು. ನನ್ನ ಲಿಂಕ್ಡ್‌ಇನ್ ಪ್ರೊಫೈಲಿನಲ್ಲಿ ‘ಸೆಲ್ಫ್ ಮೇಡ್’ ಅಂತ ಒಂದು ಸಾಲು ಇತ್ತು. ಇಂಜಿನಿಯರಿಂಗಿನ ಮೊದಲ ವರ್ಷದ ಫೀಸು ಅಪ್ಪನ ಬೋಟಿನ ಪಾಲಿನಿಂದ ಬಂತು. ಎರಡನೇ ವರ್ಷ ಮೀನು ಕಮ್ಮಿ, ಆಗ ಚಿಕ್ಕಮ್ಮನ ಬಳೆ ಅಡವು ಹೋಯಿತು. ಹೌದು, ಪಿಕಪ್ಪು ಓಡಿಸುವವನ ಅಮ್ಮನದ್ದೇ. ಅವನು ಪಿಯುಸಿಗೆ ಓದು ಬಿಟ್ಟ ವರ್ಷವೂ ಅದೇ. ನಾನು ತ್ರಾಸಿಯಲ್ಲಿ ಆ ಮನೆಯವರ ಗಾಡಿ ಹತ್ತಿದ್ದು ಮೊದಲ ಸಲ ಅಲ್ಲ. ಅಪ್ರೈಸಲ್ ಫಾರ್ಮಿನಲ್ಲಿ ಟೀಮಿನವರು ಮಾಡಿದ್ದನ್ನು ‘ನಾನು’ ಅಂತ ಬರೆಯುವಾಗಲೂ ನನ್ನ ಬೆರಳು ಹೀಗೆಯೇ ಪಾಸ್ ಒತ್ತುತ್ತದೆ. ಆ ಒಂದು ತುಂಡು ದಾರಿ ರೆಕಾರ್ಡಿನಲ್ಲಿ ಬರುವುದಿಲ್ಲ.

ಹಾಗಾದರೆ ಯಾರ ಸಹಾಯವೂ ಇಲ್ಲದೆ 200 ಕಿಲೋಮೀಟರ್ ತುಳಿಯುವುದಕ್ಕೆ ಅರ್ಥ ಏನು? ಉಂಟು ಅಂತಲೇ ನನಗೆ ಅನ್ನಿಸುತ್ತದೆ. ಬದುಕಿನಲ್ಲಿ ಎಲ್ಲಿ ನನ್ನ ಕಾಲು ಮುಗಿದು ಬೇರೆಯವರ ಗಾಡಿ ಶುರುವಾಯಿತು ಅಂತ ಗೆರೆ ಎಳೆದು ತೋರಿಸಲಿಕ್ಕೆ ಆಗುವುದಿಲ್ಲ. ಬ್ರೆವೆಯಲ್ಲಿ ಆಗುತ್ತದೆ. ತ್ರಾಸಿಯಲ್ಲಿ ಮುಗಿಯಿತು, ಹೆಮ್ಮಾಡಿಯಲ್ಲಿ ಮತ್ತೆ ಶುರುವಾಯಿತು. ಅಪ್ಪನ ಪ್ರಶ್ನೆಗೆ ನನ್ನ ಹತ್ತಿರ ಈಗ ಇರುವ ಉತ್ತರ ಇಷ್ಟೇ: ನನ್ನ ಬಚ್ಚು ಎಷ್ಟು, ಬೇರೆಯವರದ್ದು ಎಷ್ಟು ಅಂತ ಒಂದು ಸಲವಾದರೂ ಸರಿಯಾಗಿ ಅಳೆಯಲಿಕ್ಕೆ ಫೀಸು ಕಟ್ಟಿದೆ.

ಮಧ್ಯಾಹ್ನ ಆಯೋಜಕರಿಗೆ ಮೇಲ್ ಹಾಕಿದೆ. ಎಲ್ಲಿ ಹತ್ತಿದೆ, ಎಲ್ಲಿ ಇಳಿದೆ, ಎಷ್ಟು ನಿಮಿಷ, ಎಲ್ಲ ಬರೆದೆ. ಸಂಜೆ ಎರಡು ಸಾಲಿನ ಉತ್ತರ ಬಂತು. ತಿಳಿಸಿದ್ದಕ್ಕೆ ಥ್ಯಾಂಕ್ಸ್, ಹೆಸರಿನ ಮುಂದೆ ‘ಮುಗಿಸಲಿಲ್ಲ’ ಅಂತ ಹಾಕುತ್ತೇವೆ, ಮತ್ತೆ ಬನ್ನಿ ಅಂತ. ಬೈಗುಳವೂ ಇಲ್ಲ, ಹೊಗಳಿಕೆಯೂ ಇಲ್ಲ. ಹೊಗಳಿದ್ದರೆ ಮುಜುಗರ ಆಗುತ್ತಿತ್ತು.

ಚಿಕ್ಕಮ್ಮನ ಮಗ ವಿಷಯ ಗೊತ್ತಾಗಿ ಬೇಜಾರು ಮಾಡಿಕೊಂಡ. “ನನ್ನಿಂದ ನಿನ್ನ ಪದಕ ಹೋಯ್ತಲ್ಲ ಮಾರಾಯ.” ಹಾಗಲ್ಲ ಅಂತ ಎಷ್ಟು ಹೇಳಿದರೂ ಅವನಿಗೆ ಪೂರ್ತಿ ಸಮಾಧಾನ ಆದ ಹಾಗೆ ಕಾಣಲಿಲ್ಲ. ಬಳೆಯ ವಿಷಯವನ್ನೂ ಅವನ ಹತ್ತಿರ ಎತ್ತಿದೆ. ಮಾತು ತಿರುಗಿಸಿ ಬಂಗುಡೆಯ ರೇಟಿಗೆ ಹೋದ.

ಇನ್ನೊಂದು ಕೆಲಸ ಬಾಕಿ ಉಂಟು. ಕೈ ಕುಲುಕಿದ ಆ ಹಿರಿಯರಿಗೆ ನಾನು ಇನ್ನೂ ಹೇಳಿಲ್ಲ. ಮೇಲ್ ಬರೆಯುವುದು ಸುಲಭ, ಅಲ್ಲಿ ಎದುರಿಗೆ ಮುಖ ಇರುವುದಿಲ್ಲ. ಮುಂದಿನ ಬ್ರೆವೆಗೆ ಹೆಸರು ಕೊಟ್ಟಿದ್ದೇನೆ, ಅವರೂ ಕೊಟ್ಟಿದ್ದಾರಂತೆ. ಕೋಟದಲ್ಲಿ ಚಾ ಕುಡಿಯುವಾಗ ಹೇಳಬೇಕು ಅಂತ ಇದ್ದೇನೆ. 200 ಕಿಲೋಮೀಟರ್ ತುಳಿಯುವುದಕ್ಕಿಂತ ನನಗೆ ಆ ಚಾದ್ದೇ ಹೆದರಿಕೆ.